ತಲೆ ಕೊಡುವ ಆಟ

ಮುಸಫ್ಫಾ, ಅಬುಧಾಬಿ
20 ಆಗಸ್ಟ್ 2023

ಸ್ವರ್ಣಾ,

ಫೋನಿನಲ್ಲಿ ಮಾತಾಡಿದರೆ ನಮ್ಮಿಬ್ಬರದು ಜಗಳದಲ್ಲೇ ಮುಗಿಯುತ್ತದೆ, ಏನಾದರೂ ಇದ್ದರೆ ಇಮೇಲಿನಲ್ಲಿ ಬರೆಯಿರಿ ಎಂದು ನೀನು ಹೇಳಿ ವರ್ಷಗಳಾದವು. ಬರೆಯುವಂಥದ್ದು ಇಷ್ಟು ದಿನ ನನ್ನ ಹತ್ತಿರ ಏನೂ ಇರಲಿಲ್ಲ. ಈಗ ಇದೆ. ಮಗ ಬಂದಿದ್ದಾನೆ.

ದುಬೈ ಏರ್‌ಪೋರ್ಟಿಗೆ ಫುಟ್‌ಬಾಲ್ ಕ್ಲಬ್ಬಿನವರೇ ಕಾರು ಕಳಿಸಿದ್ದರು. ಆದರೂ ನನಗೆ ತಡೆಯಲಾಗಲಿಲ್ಲ, ಪೂವಪ್ಪನ ಪಿಕಪ್ಪಿನಲ್ಲಿ ಹೋದೆ. ಪೂವಪ್ಪ ಎಂದರೆ ಈಗ ನನ್ನ ಜೊತೆ ರೂಮಿನಲ್ಲಿರುವವನು, ಪುತ್ತೂರಿನ ಕಡೆಯವನು, ನಮ್ಮ ಯಾರ್ಡಿನಲ್ಲಿ ಕ್ರೇನ್ ಓಡಿಸುತ್ತಾನೆ. ನೀನು ಇಲ್ಲಿಂದ ಕರೆದುಕೊಂಡು ಹೋದದ್ದು ನನ್ನ ಭುಜದಷ್ಟೇ ಎತ್ತರದ ಹುಡುಗನನ್ನು. ಗಾಜಿನ ಬಾಗಿಲು ದಾಟಿ ಹೊರಗೆ ಬಂದವನು ನನ್ನನ್ನು ತಬ್ಬಿಕೊಳ್ಳಲು ಬಗ್ಗಬೇಕಾಯಿತು. "ಎಂತ ಮಾರಾಯ್ರೆ, ಇವನನ್ನು ದಾಟಿ ಚೆಂಡು ಹೋಗುವುದುಂಟಾ?" ಎಂದು ಪೂವಪ್ಪ ನಕ್ಕ. ಲತೇಶನೂ ನಕ್ಕ. ತುಳು ಮರೆತಿಲ್ಲ ಅವನು. ಸ್ವಲ್ಪ ತಡವರಿಸುತ್ತಾನೆ, ಅಷ್ಟೆ.

ದುಬೈಯ ಮಿರ್ದಿಫಿನಲ್ಲಿ ಕ್ಲಬ್ಬಿನ ಫ್ಲ್ಯಾಟು. ಒಬ್ಬನಿಗೆ ಎರಡು ಬಾತ್‌ರೂಮು! ತಲೆಯ ಮೇಲೆಯೇ ವಿಮಾನ ಹೋಗುತ್ತವೆ. ಎರಡನೇ ದರ್ಜೆಯ ಲೀಗು, ಆದರೆ ತಂಡದಲ್ಲಿ ಅಮೆರಿಕದಿಂದ ಬಂದ ಪ್ರೊಫೆಷನಲ್ ಇವನೊಬ್ಬನೇ. ಯಾರ್ಡಿನಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದೇನೆ. ನನಗೆ ನಾಚಿಕೆ ಇಲ್ಲ.

ರಾತ್ರಿಯಾದರೂ ಕಪ್ಪು ಕನ್ನಡಕ ತೆಗೆಯುವುದಿಲ್ಲ. ಅಮೆರಿಕದ ಫ್ಯಾಷನ್ ಇರಬೇಕು.

ಮೋಹನದಾಸ


ಎಡಿಸನ್, ನ್ಯೂಜೆರ್ಸಿ
2 ಸೆಪ್ಟೆಂಬರ್ 2023

ಲತೇಶನ ಪಪ್ಪನವರಿಗೆ,

ಅದು ಫ್ಯಾಷನ್ ಅಲ್ಲ. ಟ್ಯೂಬ್‌ಲೈಟಿನ ಬೆಳಕು ಅವನ ಕಣ್ಣಿಗೆ ಆಗುವುದಿಲ್ಲ.

ನಿಮಗೆ ಅವನು ಹೇಳಿರಲಾರ, ಹಾಗಾಗಿ ನಾನು ಹೇಳುತ್ತೇನೆ. ನೀವು ಮೊಬೈಲಿನಲ್ಲಿ ಕಂಡದ್ದು ಅವನ ಆಟ ಮಾತ್ರ. ಕಾಲೇಜಿನಿಂದ ಆರಿಸಿಕೊಂಡ ದೊಡ್ಡ ಕ್ಲಬ್ಬು ಅವನನ್ನು ಬೆಂಚಿನ ಮೇಲೆ ಕೂರಿಸಿಯೇ ಕಳಿಸಿತು. ಆಮೇಲೆ ಕೆಳಗಿನ ಲೀಗಿನಲ್ಲಿ ಊರಿಂದ ಊರಿಗೆ. ಸೆಂಟರ್ ಬ್ಯಾಕ್ ಎಂದರೆ ಗೋಲಿನ ಮುಂದೆ ನಿಂತು ಬಂದದ್ದನ್ನೆಲ್ಲ ತಲೆಯಿಂದ ಆಚೆ ಹೊಡೆಯುವುದು. ಮ್ಯಾಚಿನಲ್ಲಿ ಹೊಡೆದದ್ದಕ್ಕಿಂತ ಪ್ರಾಕ್ಟೀಸಿನಲ್ಲಿ ಹೊಡೆದದ್ದೇ ಹೆಚ್ಚು. ನಡುನಡುವೆ ತಲೆ ತಿರುಗಿ ಬಿದ್ದದ್ದುಂಟು. ಎದ್ದು ನೀರು ಕುಡಿದು ಆಡಿದ್ದಾನೆ.

ಹೋದ ಅಕ್ಟೋಬರಿನಲ್ಲಿ ಕಾರ್ನರಿನಿಂದ ಬಂದ ಚೆಂಡಿಗೆ ಹಾರಿದಾಗ ತಮ್ಮದೇ ಗೋಲ್‌ಕೀಪರನ ಮುಷ್ಟಿ ಇವನ ಕಿವಿಯ ಮೇಲೆ ಬಿತ್ತು. ಆಮೇಲೆ ಚಳಿಗಾಲವಿಡೀ ನನ್ನ ಮನೆಯಲ್ಲಿದ್ದ, ಕಿಟಕಿಗೆ ಕಂಬಳಿ ಕಟ್ಟಿಕೊಂಡು. ಒಂದು ಬೆಳಿಗ್ಗೆ ಅಡುಗೆಮನೆಗೆ ಬಂದು ಚಹಾಕ್ಕೆ ಹಾಕುವ ಅದನ್ನು ಕೊಡು ಎಂದ. ಯಾವುದನ್ನು ಎಂದೆ. ಅದೇ, ಬಿಳಿ, ಸಿಹಿ ಎಂದ. ತುಳುವಿನಲ್ಲಿ ಇರಲಿ, ಇಂಗ್ಲಿಷಿನಲ್ಲೂ ಅವನಿಗೆ ಸಕ್ಕರೆ ಎಂಬ ಶಬ್ದ ಸಿಗಲಿಲ್ಲ.

ಮಿದುಳಿಗೆ ಏಟಾಗಿದೆ, ಇನ್ನು ಆಡಬೇಡ ಎಂದು ಡಾಕ್ಟರು ನನ್ನ ಎದುರೇ ಹೇಳಿದರು. ಮಾರ್ಚಿನಲ್ಲಿ ಮತ್ತೊಂದು ಕ್ಲಬ್ಬು ಟ್ರಯಲಿಗೆ ಕರೆಯಿತು. ಇವನು ಏನೂ ಹೇಳದೆ ಹೊರಟು ನಿಂತ. ಆ ಕೋಚಿಗೆ ನಾನೇ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಅವರು ಬೇಡವೆಂದರು. ಅಂದಿನಿಂದ ಮಗ ನನ್ನೊಡನೆ ಮಾತಾಡಿಲ್ಲ. ಅವನು ದುಬೈಗೆ ಹೋದದ್ದು ನನಗೆ ಗೊತ್ತಾದದ್ದೇ ನಿಮ್ಮ ಪತ್ರದಿಂದ.

ಈಗ ನೀವು ಹೇಳಬೇಕು. ಅವನಿಗೆ ಹೇಳಿ, ಕೇಳದಿದ್ದರೆ ಕ್ಲಬ್ಬಿನವರಿಗೆ ಹೇಳಿ.

ಸ್ವರ್ಣಲತಾ


ಮುಸಫ್ಫಾ
9 ಅಕ್ಟೋಬರ್ 2023

ಸ್ವರ್ಣಾ,

ನಿನ್ನ ಪತ್ರ ಓದಿದೆ. ಚಳಿಗಾಲದ ಕತೆ ಅದು, ಈಗ ಅವನು ಚೆನ್ನಾಗಿದ್ದಾನೆ. ನನ್ನ ಕಣ್ಣೆದುರೇ ಇದ್ದಾನಲ್ಲ.

ಮೊದಲ ಮ್ಯಾಚಿಗೆ ನಾನೂ ಪೂವಪ್ಪನೂ ಹೋಗಿದ್ದೆವು. ನೋಡಲು ಬಂದವರು ಬೆರಳೆಣಿಕೆಯ ಜನ. ಎದುರು ತಂಡದಲ್ಲಿ ಒಬ್ಬ ಆಫ್ರಿಕದ ಸ್ಟ್ರೈಕರ್, ಗೂಳಿಯ ಹಾಗೆ ಇದ್ದ. ಅವನು ಎಲ್ಲಿಗೆ ಓಡಿದರೂ ನಮ್ಮವನು ಅಲ್ಲಿ ಮೊದಲೇ ನಿಂತಿರುತ್ತಿದ್ದ. ಓಡಿದ್ದೇ ಕಾಣುವುದಿಲ್ಲ ಸ್ವರ್ಣಾ. ಹಿಂದೆ ನಿಂತು ಉಳಿದವರಿಗೆ ಕೂಗಿ ಕೂಗಿ ಹೇಳುತ್ತಾನೆ, ಕೈ ತೋರಿಸುತ್ತಾನೆ, ಇಡೀ ತಂಡ ಅವನ ಕೈ ತೋರಿಸಿದ ಕಡೆಗೆ ಸರಿಯುತ್ತದೆ. ಕೊನೆಗೆ ಆ ಗೂಳಿ ಸಿಟ್ಟಿನಿಂದ ಚೆಂಡನ್ನೇ ಹೊರಗೆ ಒದ್ದ. ಒಂದು ಸೊನ್ನೆಯಿಂದ ಗೆದ್ದರು.

ಭಾನುವಾರ ನನಗೆ ರಜೆ. ಅವನು ಕ್ಲಬ್ಬಿನ ಕಾರು ಓಡಿಸಿಕೊಂಡು ಇಲ್ಲಿಗೆ ಬರುತ್ತಾನೆ. ಕೋರಿರೊಟ್ಟಿ ಮಾಡಿದ್ದೆ. ರೂಮಿನ ಹುಡುಗರ ಜೊತೆ ನೆಲದಲ್ಲಿ ಕುಳಿತು ಉಂಡ.

ಸಮಯ ನೋಡಿ ಹೇಳುತ್ತೇನೆ.

ಮೋಹನದಾಸ


ಎಡಿಸನ್
30 ನವೆಂಬರ್ 2023

ಲತೇಶನ ಪಪ್ಪನವರಿಗೆ,

ಹೇಳಿದಿರಾ, ಇಲ್ಲವಾ?

ಸ್ವರ್ಣಲತಾ


ಮುಸಫ್ಫಾ
17 ಡಿಸೆಂಬರ್ 2023

ಸ್ವರ್ಣಾ,

ಇಲ್ಲ.

ನೀನು ಹೇಳಿದೆ. ಏನಾಯಿತು? ಅವನು ಆಡುವುದು ನಿಲ್ಲಲಿಲ್ಲ, ನಿನ್ನೊಡನೆ ಮಾತು ನಿಂತಿತು. ನಿನ್ನ ಬಳಿ ಅವನ ಅಷ್ಟು ವರ್ಷಗಳಿವೆ. ಅವನು ಮೊದಲ ಬಾರಿ ಶೇವ್ ಮಾಡಿದ್ದು, ಕಾರು ಕಲಿತದ್ದು, ಸೋತು ಬಂದು ಊಟ ಬಿಟ್ಟದ್ದು ಎಲ್ಲ ನೀನು ಕಂಡಿದ್ದೀ. ನನ್ನ ಬಳಿ ಇರುವುದು ಈ ಕೆಲವು ಭಾನುವಾರ. ಅವನು ಇಲ್ಲಿರುವುದು ಕ್ಲಬ್ಬಿನ ವೀಸಾದಲ್ಲಿ. ನಾನು ಬಾಯಿ ಬಿಟ್ಟ ದಿನ ವೀಸಾ ಖಲಾಸ್, ಅವನೂ ಖಲಾಸ್.

ಹೋದ ವಾರ ಊಟವಾದ ಮೇಲೆ ನನ್ನ ಮಂಚದಲ್ಲೇ ಮಲಗಿ ನಿದ್ದೆಹೋದ. ಕಾಲು ಮಂಚದಿಂದ ಹೊರಗೆ. ನಾನು ಏಸಿಯ ಸದ್ದು ಕಡಿಮೆ ಮಾಡಿ ಎದುರು ಕುಳಿತಿದ್ದೆ. ಅಂಥ ಹೊತ್ತಿನಲ್ಲಿ ಎಬ್ಬಿಸಿ ಏನು ಹೇಳಲಿ?

ಬೈಯುವುದಿದ್ದರೆ ಬೈದು ಬರೆ.

ಮೋಹನದಾಸ


ಮುಸಫ್ಫಾ
18 ಫೆಬ್ರವರಿ 2024

ಸ್ವರ್ಣಾ,

ನೀನು ಬೈಯಲೂ ಇಲ್ಲ. ಎರಡು ತಿಂಗಳು ಏನೂ ಬರೆಯಲಿಲ್ಲ. ಇದನ್ನು ಮಾತ್ರ ನೀನು ಕೂತುಕೊಂಡು ಓದು. ಮೊದಲೇ ಹೇಳುತ್ತೇನೆ, ಅವನು ಬದುಕಿದ್ದಾನೆ, ನಡೆಯುತ್ತಾನೆ, ನನ್ನ ಗುರುತು ಇದೆ.

ಮೊನ್ನೆ ಶುಕ್ರವಾರದ ಮ್ಯಾಚು. ಎರಡನೇ ಅರ್ಧ. ಎಡಗಡೆಯಿಂದ ಎತ್ತರಕ್ಕೆ ಒಂದು ಚೆಂಡು ಬಂತು. ಗೋಲ್‌ಕೀಪರ್ ಮುಂದೆ ಬಂದು ಸಿಕ್ಕಿಬಿದ್ದಿದ್ದ, ಗೋಲು ಖಾಲಿ. ಲತೇಶ ಹಿಂದಕ್ಕೆ ಓಡುತ್ತಲೇ ಹಾರಿದ. ಚೆಂಡು ಅವನ ತಲೆಗೆ ತಾಗಿ ಮೇಲೆ ಹೋಯಿತು, ತಲೆ ಹೋಗಿ ಗೋಲಿನ ಕಂಬಕ್ಕೆ ತಾಗಿತು. ಆ ಸದ್ದು ಗ್ಯಾಲರಿಯಲ್ಲಿ ಕೇಳಿಸಿತು. ಪೂವಪ್ಪ ನನ್ನ ಕೈ ಹಿಡಿದುಕೊಂಡ.

ಬಿದ್ದವನು ಎದ್ದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅವನು ನೇರ ನಡೆದುಕೊಂಡು ಹೋಗಿ ಎದುರು ತಂಡದವರ ಸಾಲಿನಲ್ಲಿ ನಿಂತ. ಅವರ ಕಡೆಗೇ ಕೈ ತೋರಿಸಿ, ಮುಂದೆ ಹೋಗು, ಸರಿ ನಿಲ್ಲು ಎಂದು ಕೂಗುತ್ತಿದ್ದ. ಒಂದಿಬ್ಬರು ನಕ್ಕರು. ಆಮೇಲೆ ಯಾರೂ ನಗಲಿಲ್ಲ.

ಹೊರಗೆ ಕರೆತಂದು ಬೆಂಚಿನಲ್ಲಿ ಕೂರಿಸಿದರು. ನಾನು ಗ್ಯಾಲರಿಯ ಕಂಬಿ ದಾಟಿ ಓಡಿದೆ. ನನ್ನನ್ನು ನೋಡಿ ಅವನ ಮುಖ ಅರಳಿತು. ಚಿಕ್ಕವನಿದ್ದಾಗಿನ ಧ್ವನಿಯಲ್ಲಿ, "ಅಮ್ಮ ಓಲು ಪಪ್ಪ? ಕಾರ್‌ಡ್ ಉಲ್ಲೆರಾ?" ಎಂದು ಕೇಳಿದ.

ಅಮ್ಮ ಎಲ್ಲಿ, ಕಾರಿನಲ್ಲಿದ್ದಾರಾ ಎಂದು. ನೆನಪಿದೆಯಾ ನಿನಗೆ? ಅವನ ಪ್ರಾಕ್ಟೀಸಿನ ದಿನ ಸೆಕೆಗೆ ನೀನು ಕೆಳಗಿಳಿಯುತ್ತಿರಲಿಲ್ಲ, ನಮ್ಮ ಹಳೆ ಕೊರೊಲ್ಲಾದಲ್ಲಿ ಏಸಿ ಹಾಕಿಕೊಂಡು ಕಾಯುತ್ತಿದ್ದೆ.

"ಅಂದ್ ಮಗ, ಕಾರ್‌ಡೇ ಉಲ್ಲೆರ್" ಎಂದೆ. ಹೌದು, ಕಾರಿನಲ್ಲೇ ಇದ್ದಾರೆ.

"ನಾವು ಗೆದ್ದೆವು ಅಂತ ಹೇಳಿ ಅವರಿಗೆ" ಎಂದ.

ಸೋಲುತ್ತಿದ್ದೆವು.

ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟು ಈಗ ಕಳಿಸಿದ್ದಾರೆ. ಮಿರ್ದಿಫಿನಲ್ಲಿ ಒಬ್ಬನೇ ಬೇಡವೆಂದು ಇಲ್ಲಿಗೆ ಕರೆತಂದಿದ್ದೇನೆ. ಪೂವಪ್ಪ ತನ್ನ ಮಂಚ ಬಿಟ್ಟುಕೊಟ್ಟಿದ್ದಾನೆ. ಈಗ ನೆನಪೆಲ್ಲ ಬಂದಿದೆ. ನಿನ್ನನ್ನು ಕೇಳಿದ್ದು ಮಾತ್ರ ನೆನಪಿಲ್ಲ. ನಾನೂ ಹೇಳಲಿಲ್ಲ.

ಮೋಹನದಾಸ


ಎಡಿಸನ್
19 ಫೆಬ್ರವರಿ 2024

ಲತೇಶನ ಪಪ್ಪನವರಿಗೆ,

ಕಾರಿನಲ್ಲಿದ್ದಾರೆ ಎಂದಿರಲ್ಲ, ಒಳ್ಳೆಯದು ಮಾಡಿದಿರಿ.

ಇನ್ನೊಮ್ಮೆ ಕೇಳಿದರೂ ಹಾಗೆಯೇ ಹೇಳಿ.

ನಿಮ್ಮ ಪತ್ರ ಮಧ್ಯಾಹ್ನದ ಪಾಳಿಯ ನಡುವೆ ಓದಿದೆ. ನಾನು ಕೆಲಸ ಮಾಡುವುದು ಆಸ್ಪತ್ರೆಯ ಅಡುಗೆಮನೆಯಲ್ಲಿ ಎಂದು ನಿಮಗೆ ಗೊತ್ತಿದೆಯೋ ಇಲ್ಲವೋ. ಟ್ರೇ ಜೋಡಿಸುತ್ತಿದ್ದೆ. ಅಲ್ಲೇ ಕೆಳಗೆ ಕುಳಿತುಬಿಟ್ಟೆ. ಅವನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಟಿಕೆಟು ನೋಡಿದೆ. ನಾನು ಬಂದರೆ ಅವನು ನಿಮ್ಮ ರೂಮು ಬಿಟ್ಟು ಹೋಗುತ್ತಾನೆ, ಅದು ನನಗೆ ಗೊತ್ತಿದೆ. ಆದ್ದರಿಂದ ಬರುವುದಿಲ್ಲ.

ಬೆಳಕು ಕಡಿಮೆ ಇಡಿ. ಮೊಬೈಲು ಕೊಡಬೇಡಿ. ಗಂಜಿ ತಿನ್ನುತ್ತಾನೆ, ಉಪ್ಪಿನಕಾಯಿ ಬೇಡ, ವಾಂತಿಯಾಗುತ್ತದೆ.

ಈಗಲಾದರೂ ಹೇಳಿ.

ಸ್ವರ್ಣಲತಾ


ಮುಸಫ್ಫಾ
28 ಏಪ್ರಿಲ್ 2024

ಸ್ವರ್ಣಾ,

ಹೇಳಿದೆ. ನೀನು ಮಾಡಿದ್ದನ್ನೇ ನಾನೂ ಮಾಡಿದೆ. ನಿನಗೆ ಆದದ್ದೇ ನನಗೂ ಆಯಿತು.

ರಂಜಾನ್ ಕಳೆಯುವಷ್ಟರಲ್ಲಿ ಅವನು ಪ್ರಾಕ್ಟೀಸಿಗೆ ಹೊರಟ. ತಲೆನೋವು ಇಲ್ಲವೇ ಇಲ್ಲ ಎಂದ. ಅದೇ ದಿನ ಬೆಳಿಗ್ಗೆ ಬಾತ್‌ರೂಮಿನಲ್ಲಿ ನಲ್ಲಿ ತೆರೆದಿಟ್ಟು ಗೋಡೆಗೆ ಹಣೆ ಒತ್ತಿ ನಿಂತಿದ್ದನ್ನು ಪೂವಪ್ಪ ಕಂಡಿದ್ದ. ನಾನು ಮೊದಲು ಅವನಿಗೇ ಹೇಳಿದೆ, ಸಾಕು ಮಗ ಎಂದು. "ಪಪ್ಪ, ನೀವು ಕೂಡ ಶುರು ಮಾಡಬೇಡಿ" ಎಂದ. ಬೇಡಿಕೊಂಡೆ. ಹೊರಟೇ ಹೋದ. ಮರುದಿನ ರಜೆ ಹಾಕಿ ದುಬೈಗೆ ಹೋಗಿ ಕ್ಲಬ್ಬಿನ ಮ್ಯಾನೇಜರನ ಎದುರು ಕುಳಿತು, ಅಮೆರಿಕದ್ದು, ಸಕ್ಕರೆಯದ್ದು ಎಲ್ಲ ಹೇಳಿದೆ. ಅವನು ಒಳ್ಳೆಯ ಮನುಷ್ಯ, ಚಹಾ ತರಿಸಿದ. ವಾರದೊಳಗೆ ಲತೇಶನ ಕಾಂಟ್ರಾಕ್ಟು ಮುರಿದರು.

ಅವನು ಸಿಟ್ಟಿನಲ್ಲಿ ಬರುತ್ತಾನೆ, ಕೂಗುತ್ತಾನೆ ಎಂದುಕೊಂಡಿದ್ದೆ. ಮೆಲ್ಲಗೆ ಬಂದ, ಬಾಗಿಲಲ್ಲೇ ನಿಂತ.

"ಇದು ಬಿಟ್ಟು ನನಗೆ ಎಂತ ಬರ್ತದೆ ಹೇಳಿ ಪಪ್ಪ" ಎಂದ.

"ಕಲಿಯುವಾ ಮಗ. ನಿನಗೆಂತ ವಯಸ್ಸಾಗಿದೆ?"

"ಕಲಿಯುವುದಕ್ಕೆ ತಲೆ ಬೇಕಲ್ಲ? ಬೆಳಿಗ್ಗೆ ಓದಿದ್ದು ಸಂಜೆಗೆ ಇರುವುದಿಲ್ಲ. ಚೆಂಡು ಬರುವಾಗ ಮಾತ್ರ ನನಗೆ ಎಲ್ಲ ಗೊತ್ತಾಗುತ್ತದೆ. ಎಲ್ಲಿ ಬೀಳುತ್ತದೆ, ಯಾರು ಬರುತ್ತಾನೆ, ಎಲ್ಲ. ಆಗ ಮಾತ್ರ ನಾನು ಸರಿ ಇರ್ತೇನೆ. ಅದನ್ನೇ ನೀವಿಬ್ಬರೂ ತೆಗೆದಿರಿ."

ಇದಕ್ಕೆ ನಾನು ಏನು ಹೇಳಬೇಕಿತ್ತು, ಸ್ವರ್ಣಾ? ನಿನಗೆ ಗೊತ್ತಿದ್ದರೆ ಬರೆ.

ವೀಸಾ ರದ್ದಾಗಿದೆ, ಮುಂದಿನ ವಾರ ಹೋಗುತ್ತಾನೆ. ಎಲ್ಲಿಗೆ ಎಂದು ನನಗೆ ಹೇಳಿಲ್ಲ.

ಮೋಹನದಾಸ


ಎಡಿಸನ್
22 ಸೆಪ್ಟೆಂಬರ್ 2024

ಲತೇಶನ ಪಪ್ಪನವರಿಗೆ,

ಅವನು ಇಲ್ಲಿಗೇ ಬಂದಿದ್ದ. ನಿಮಗೆ ತಿಳಿಸಬಾರದು ಎಂದು ಮೊದಲೇ ಷರತ್ತು ಹಾಕಿದ್ದ. ಬೇಸಿಗೆ ಪೂರ್ತಿ ನನ್ನ ಮನೆಯ ಬೇಸ್‌ಮೆಂಟಿನಲ್ಲಿದ್ದ. ಅಗತ್ಯದ ಮಾತು ಮಾತ್ರ. ತಟ್ಟೆ ಮೆಟ್ಟಿಲಲ್ಲಿಟ್ಟರೆ ತೊಳೆದು ತಂದಿಡುತ್ತಿದ್ದ.

ಜುಲೈಯಲ್ಲಿ ಇಲ್ಲಿನ ಪಾರ್ಕಿನಲ್ಲಿ ಮಕ್ಕಳ ಫುಟ್‌ಬಾಲ್ ಕ್ಯಾಂಪಿಗೆ ಕಲಿಸಲು ಹೋದ. ನಾನೇ ಕೇಳಿ ಮಾಡಿಸಿದ್ದೆ. ಮೊದಲ ದಿನ ಖುಷಿಯಿಂದ ಬಂದ. ಮಕ್ಕಳ ಹೆಸರು ಅವನಿಗೆ ನಿಲ್ಲುತ್ತಿರಲಿಲ್ಲ, ಎಲ್ಲರನ್ನೂ ಚಾಂಪ್, ಚಾಂಪ್ ಎಂದು ಕರೆಯುತ್ತಿದ್ದನಂತೆ. ಕೆಲವು ದಿನ ಕಳೆದ ಮೇಲೆ ಒಂದು ಹುಡುಗಿ, ನನ್ನ ಹೆಸರು ಹೇಳು, ದಿನಾ ಹೇಳ್ತೇನಲ್ಲ ಎಂದು ಹಟ ಹಿಡಿದಿದ್ದಾಳೆ. ಇವನಿಗೆ ಬರಲಿಲ್ಲ. ಮಕ್ಕಳೆಲ್ಲ ಸುತ್ತ ನಿಂತು ತಮ್ಮ ತಮ್ಮ ಹೆಸರು ಕೇಳತೊಡಗಿದರಂತೆ, ಆಟದ ಹಾಗೆ. ಮರುದಿನದಿಂದ ಅವನು ಹೋಗಲಿಲ್ಲ.

ಮೊನ್ನೆ ಪಾಳಿ ಮುಗಿಸಿ ಬಂದಾಗ ಹಾಸಿಗೆ ಮಡಚಿಟ್ಟಿತ್ತು. ಬ್ಯಾಗಿಲ್ಲ, ಬೂಟಿಲ್ಲ. ಬೂಟು ಒಯ್ದಿದ್ದಾನೆ ಎಂದರೆ ಆಡಲು ಹೋಗಿದ್ದಾನೆ. ಎಲ್ಲಿಗೆ ಎಂದು ನನಗೆ ಗೊತ್ತಿಲ್ಲ.



ಸ್ವರ್ಣಲತಾ


ಮುಸಫ್ಫಾ
17 ನವೆಂಬರ್ 2024

ಸ್ವರ್ಣಾ,

ಸಿಕ್ಕಿದ. ಅವನು ದುಬೈಯಲ್ಲೇ ಇದ್ದಾನೆ.

ಮಸೂದನ ನೆನಪಿದೆಯಾ, ಇಲ್ಲಿ ಶಾಲೆಯಲ್ಲಿ ಅವನ ಬೆಂಚಿನಲ್ಲಿ ಕೂರುತ್ತಿದ್ದ ಬ್ಯಾರಿಗಳ ಹುಡುಗ? ಈಗ ಬರ್ ದುಬೈಯಲ್ಲಿ ಅವನ ಬಟ್ಟೆ ಅಂಗಡಿ. ಮೂರನೇ ದರ್ಜೆಯ ಒಂದು ತಂಡಕ್ಕೆ ಜೆರ್ಸಿ ಹೊಲಿಸಿಕೊಡಲು ಹೋದವನು ಇವನನ್ನು ಮೈದಾನದಲ್ಲಿ ಕಂಡಿದ್ದಾನೆ. "ಅಂಕಲ್, ನಿಮಗೆ ಹೇಳಬಾರದು ಅಂತ ನನ್ನ ಕೈಯಲ್ಲಿ ಆಣೆ ಹಾಕಿಸಿದ. ಆದರೆ ಅವನು ನನ್ನ ಹೆಸರನ್ನು ಎರಡು ಸಲ ಕೇಳಿದ. ಮನಸ್ಸು ತಡೆಯಲಿಲ್ಲ, ಅದಕ್ಕೆ ಫೋನು ಮಾಡಿದೆ" ಎಂದ.

ನಿನ್ನೆ ಹೋದೆ. ಪೂವಪ್ಪನಿಗೂ ಹೇಳಲಿಲ್ಲ, ಬಸ್ಸು ಹಿಡಿದು ಹೋದೆ. ಊರ ಹೊರಗಿನ ಬಾಡಿಗೆ ಮೈದಾನ. ಸರಿಯಾದ ಗ್ಯಾಲರಿಯೂ ಇಲ್ಲ, ಒಂದು ಬದಿಗೆ ಕಬ್ಬಿಣದ ಮೆಟ್ಟಿಲು. ಆಡುವವರಲ್ಲಿ ಅರ್ಧ ಜನ ಹಗಲು ಬೇರೆ ಕೆಲಸ ಮಾಡುವವರು. ತಲೆಗೆ ಕ್ಯಾಪ್ ಹಾಕಿ ಮೂಲೆಯಲ್ಲಿ ಕುಳಿತೆ. ಅವನು ತೆಳ್ಳಗಾಗಿದ್ದಾನೆ. ಕೂಗುವುದು ಕಡಿಮೆಯಾಗಿದೆ, ಕೈ ತೋರಿಸುವುದೂ ಇಲ್ಲ. ಚೆಂಡು ಬಂದಾಗ ಮಾತ್ರ ಅದೇ ಹಳೆಯ ಲತೇಶ. ಪ್ರತಿ ಸಲ ಅವನು ಹಾರಿದಾಗಲೂ ನಾನು ಕಣ್ಣು ಮುಚ್ಚುತ್ತಿದ್ದೆ.

ಕ್ಲಬ್ಬಿನವರಿಗೆ ಮತ್ತೆ ಹೇಳಬಹುದು. ಇವರೂ ತೆಗೆದಾರು. ಆಮೇಲೆ ಅವನು ಎಲ್ಲಿಗೆ ಹೋಗುತ್ತಾನೆ? ನೀನು ಹೇಳಿದ ಹಾಗೆ ಮಾಡುತ್ತೇನೆ, ಈ ಬಾರಿ ಮಾತು ತಪ್ಪುವುದಿಲ್ಲ.

ಮೋಹನದಾಸ


ಎಡಿಸನ್
24 ನವೆಂಬರ್ 2024

ಲತೇಶನ ಪಪ್ಪನವರಿಗೆ,

ವಾರವಿಡೀ ಯೋಚಿಸಿದೆ. ಹೇಳಬೇಡಿ.

ನಾನು ಹೇಳಿ ಅವನನ್ನು ಅಲ್ಲಿಗೆ ಓಡಿಸಿದೆ. ನೀವು ಹೇಳಿ ಇಲ್ಲಿಗೆ ಓಡಿಸಿದಿರಿ. ಇನ್ನೊಮ್ಮೆ ಹೇಳಿದರೆ ನಾವಿಬ್ಬರೂ ಇಲ್ಲದ, ಮಸೂದನಂಥವರೂ ಇಲ್ಲದ ಯಾವುದಾದರೂ ಊರಿಗೆ ಹೋಗುತ್ತಾನೆ. ಅಲ್ಲಿ ಬಿದ್ದರೆ ನಮಗೆ ಸುದ್ದಿ ಕೂಡ ಬರುವುದಿಲ್ಲ.

ಇದನ್ನು ನಾನು ಬರೆಯುತ್ತಿದ್ದೇನೆ ಎಂದು ನನಗೇ ನಂಬಿಕೆಯಾಗುವುದಿಲ್ಲ. ಉಳಿಸಿಕೊಳ್ಳುವ ದಾರಿ ಇದೆ ಎಂದು ಬರೆಯುತ್ತಿಲ್ಲ. ಇಲ್ಲ ಎಂದೇ ಬರೆಯುತ್ತಿದ್ದೇನೆ.

ನೀವು ವಾರವಾರ ಹೋಗಿ ಕುಳಿತುಕೊಳ್ಳಿ. ಯಾರಾದರೂ ಒಬ್ಬರು ಅಲ್ಲಿರಬೇಕು. ಕಣ್ಣು ಮುಚ್ಚಬೇಡಿ.

ಸ್ವರ್ಣಾ


ಮುಸಫ್ಫಾ
26 ಜನವರಿ 2025

ಸ್ವರ್ಣಾ,

ನೀನು ಹೇಳಿದ ಹಾಗೆ ವಾರವಾರವೂ ಹೋದೆ. ನಿನ್ನೆಯೂ ಹೋಗಿದ್ದೆ. ನಿನ್ನೆಯದನ್ನು ಬರೆಯಬೇಕು.

ಮೊದಲ ಅರ್ಧದಲ್ಲಿ ಅವನಿಗೆ ಏಟೇನೂ ಬೀಳಲಿಲ್ಲ. ಚೆನ್ನಾಗಿಯೇ ಆಡಿದ. ವಿರಾಮದಲ್ಲಿ ಉಳಿದವರೆಲ್ಲ ಕೋಚಿನ ಸುತ್ತ ನಿಂತಿದ್ದರು. ಇವನೊಬ್ಬ ಆಚೆ ಬದಿಯ ಬೆಂಚಿನಲ್ಲಿ ಬಗ್ಗಿ ಕುಳಿತಿದ್ದ. ಬೂಟಿನ ಲೇಸು ಬಿಚ್ಚಿಹೋಗಿತ್ತು. ಕಟ್ಟಲು ನೋಡುತ್ತಿದ್ದ. ಎರಡು ತುದಿ ಹಿಡಿಯುತ್ತಾನೆ, ಒಂದರ ಮೇಲೊಂದು ತರುತ್ತಾನೆ, ಅಲ್ಲಿಗೆ ಬೆರಳು ನಿಲ್ಲುತ್ತದೆ. ಬಿಟ್ಟು ಮತ್ತೆ ಹಿಡಿಯುತ್ತಾನೆ. ಯಾರಾದರೂ ನೋಡಿದರಾ ಎಂದು ಆಚೀಚೆ ತಿರುಗಿದವನು ನೇರ ನನ್ನ ಕಡೆ ನೋಡಿದ. ಕ್ಯಾಪ್ ಕೆಳಗೆ ಎಳೆದುಕೊಂಡೆ.

"ಪಪ್ಪ" ಎಂದು ಕರೆದ. ಜೋರಾಗಿಯಲ್ಲ.

ಇಳಿದು ಹೋದೆ. "ನಾನು ಬಂದದ್ದು ನಿನಗೆ ಗೊತ್ತಾಯಿತಾ?" ಎಂದೆ.

"ಮೊದಲ ದಿನವೇ ಗೊತ್ತಿತ್ತು. ನಿಮ್ಮ ಹಾಗೆ ಕಾಲು ಅಲ್ಲಾಡಿಸಿಕೊಂಡು ಕೂರುವವರು ಬೇರೆ ಯಾರಿದ್ದಾರೆ?" ಎಂದು ಸ್ವಲ್ಪ ನಕ್ಕ.

"ಮತ್ತೆ ಯಾಕೆ ಮಾತಾಡಿಸಲಿಲ್ಲ?"

"ಮಾತಾಡಿಸಿದರೆ ಬೇಡ ಅಂತೀರಿ."

ಅವನು ಕಾಲು ಮುಂದೆ ಚಾಚಿದ. "ಒಂತೆ ಕಟ್ಟ್‌ದ್ ಕೊರ್ಪರಾ?" ಎಂದ. ಸ್ವಲ್ಪ ಕಟ್ಟಿಕೊಡ್ತೀರಾ ಎಂದು. ಕೇಳುವಾಗ ನನ್ನ ಮುಖ ನೋಡಲಿಲ್ಲ.

ಆಗ ಹೇಳಬಹುದಿತ್ತು ಸ್ವರ್ಣಾ. ಲೇಸು ಕಟ್ಟಲು ಬಾರದವನು ಮೈದಾನಕ್ಕೆ ಇಳಿಯಬಾರದು ಎಂದು ಹೇಳಲು ಡಾಕ್ಟರೇ ಆಗಬೇಕಿಲ್ಲ. ಕೋಚು ಕೂಗಳತೆಯಲ್ಲೇ ಇದ್ದ.

ಕೆಳಗೆ ಮಂಡಿಯೂರಿ ಕುಳಿತೆ. ಅವನ ಕಾಲನ್ನು ನನ್ನ ತೊಡೆಯ ಮೇಲಿಟ್ಟುಕೊಂಡೆ. ಲೇಸು ಬೆವರಿಗೆ ಒದ್ದೆಯಾಗಿತ್ತು. ಸಡಿಲಾಗದ ಹಾಗೆ ಎಳೆದು ಕಟ್ಟಿ, ಅದರ ಮೇಲೆ ಇನ್ನೊಂದು ಗಂಟು ಹಾಕಿದೆ. ಇನ್ನೊಂದು ಕಾಲಿನದ್ದನ್ನೂ ಬಿಚ್ಚಿ ಹಾಗೆಯೇ ಕಟ್ಟಿದೆ. ಅವನು ನನ್ನ ಭುಜದ ಮೇಲೆ ಕೈ ಇಟ್ಟುಕೊಂಡು ಕಾಯುತ್ತಿದ್ದ.

"ಬಿಗಿಯಾಯಿತಾ?" ಎಂದು ಕೇಳಿದೆ.

"ಸರಿ ಇದೆ" ಎಂದ.

ಸೀಟಿ ಊದಿದರು. ನನ್ನ ಭುಜ ಒತ್ತಿ ಎದ್ದು ಅವನು ಒಳಗೆ ಓಡಿದ.

ಮೋಹನದಾಸ